ಬರ್ಗೆನ್ನಿನ ಮಳೆಗೆ ಕೊಡೆ ಹಿಡಿಯದ ಮಕ್ಕಳು

ನಾರ್ವೆಯ ಆಸ್ಲೋದಿಂದ ಬರ್ಗೆನ್‌ಗೆ ರೈಲಿನಲ್ಲಿ ಸುಮಾರು ಏಳು ಗಂಟೆಯ ದಾರಿ. 1909ರಲ್ಲಿ ಶುರುವಾದ ಈ ಹಳಿ ಹಾರ್ಡಂಗರ್ ಪ್ರಸ್ಥಭೂಮಿಯನ್ನು ಏರಿ ಆಚೆ ಇಳಿಯುತ್ತದೆ. ಕಿಟಕಿಯಾಚೆ ಕೆರೆಗಳು, ಬೋಳುಬಂಡೆಗಳು, 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಅಕ್ಟೋಬರಿಗೇ ಬಿದ್ದ ಹಿಮ. ಆದರೆ ನನ್ನ ಕಣ್ಣು ಕಿಟಕಿಯಲ್ಲಿ ನಿಲ್ಲಲಿಲ್ಲ. ಮಕ್ಕಳೊಂದಿಗರ ಬೋಗಿಯ ಒಂದು ತುದಿಯಲ್ಲಿ ಪುಟ್ಟದೊಂದು ಆಟದ ಕೋಣೆ! ಮೆತ್ತನೆಯ ನೆಲ, ಪುಸ್ತಕ, ಹತ್ತಿಳಿಯಲು ಮೆಟ್ಟಿಲು. ಬೂಟು ಬಿಚ್ಚಿಟ್ಟ ಮಕ್ಕಳು ಅಲ್ಲಿ ಗುಡ್ಡಗಾಡನ್ನು ಮರೆತು ಆಡುತ್ತಿವೆ. ನಮ್ಮಲ್ಲಿ ಶಿವಮೊಗ್ಗದ ರೈಲು ಹತ್ತಿದ ಮಗುವಿಗೆ ನಾವು ಮೊದಲು ಹೇಳುವ ಮಾತು, "ಸುಮ್ನೆ ಕೂತ್ಕೋ". ಇಲ್ಲಿ ಮಗು ಸುಮ್ಮನೆ ಕೂರುವುದಿಲ್ಲವೆಂದು ರೈಲು ಕಟ್ಟಿದವರಿಗೇ ಗೊತ್ತಿದೆ.

ಬರ್ಗೆನ್ನಿನಲ್ಲಿ ಇಳಿದಾಗ ಮಳೆ. ನಾನು ತೀರ್ಥಹಳ್ಳಿ ಕಡೆಯವಳು. ಮಳೆ ನನಗೆ ಹೊಸದಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಸುರಿಯುತ್ತದೆ, ಬರ್ಗೆನ್ನಿನದು ಅದರ ಮೂರನೇ ಒಂದು ಪಾಲಿನ ಆಸುಪಾಸು. ಆದರೆ ನಮ್ಮ ಮಳೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಸರದಿಯಲ್ಲಿ ಬಂದು, ಹೊಡೆದು, ಹೊರಟುಹೋಗುತ್ತದೆ. ಇವರದು ವರ್ಷವಿಡೀ ಜಿಟಿಜಿಟಿ. 2006ರ ಅಕ್ಟೋಬರ್ ಕೊನೆಯಲ್ಲಿ ಹಿಡಿದ ಮಳೆ ಒಂದು ದಿನವೂ ಬಿಡುವು ಕೊಡದೆ 85 ದಿನ ಬಂದಿತ್ತೆಂದು ಊರಿನವರು ಈಗಲೂ ಹೇಳುತ್ತಾರೆ, ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ. ಏಳು ಬೆಟ್ಟಗಳ ನಡುವೆ ಕೂತ ಊರು. ಕಡಲಿನಿಂದ ಬಂದ ಮೋಡ ಬೆಟ್ಟಕ್ಕೆ ಒರಗಿ ಅಲ್ಲೇ ಕರಗುತ್ತದೆ. ಈ ಲೆಕ್ಕದಲ್ಲಿ ಅವರೂ ನಾವೂ ನೆಂಟರೇ.

ಇಲ್ಲಿಗೆ ಬಂದದ್ದು ತಂಗಿಯ ಮಗಳ ಮನೆಗೆ. ಅವಳಿಗೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬಾರ್ನೆಹಾಗೆಗೆ ಹೋಗಿ ನಾಲ್ಕರ ಹೊತ್ತಿಗೆ ಮನೆಗೆ ಬರುತ್ತಾರೆ. ನಾವು ಶಿಶುವಿಹಾರವೆನ್ನುವುದೂ ಬೇಬಿ ಸಿಟ್ಟಿಂಗ್ ಎನ್ನುವುದೂ ಅಂಗನವಾಡಿಯೂ ಒಂದರಲ್ಲೇ ಸೇರಿದ ಜಾಗ ಅದು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಇಂಥ ಕಡೆ ಇರುತ್ತಾರೆ. ವರ್ಷ ತುಂಬಿದ ಮಗುವಿಗೆ ಜಾಗ ಸಿಗಬೇಕೆಂಬುದು ಕಾನೂನಿನ ಹಕ್ಕು, ಪೋಷಕರು ಕಟ್ಟುವ ಶುಲ್ಕಕ್ಕೆ ಸರ್ಕಾರದ ಮೇಲ್ಮಿತಿ ಇದೆ. "ದೊಡ್ಡಮ್ಮ, ನೀವೂ ಒಂದಿನ ಬನ್ನಿ, ಕೇಳಿದೀನಿ, ಬರ್ಲಿ ಅಂದ್ರು" ಎಂದಳು ತಂಗಿಯ ಮಗಳು. ಒಂದೇ ಷರತ್ತು: ಫೋಟೊ ತೆಗೆಯುವಂತಿಲ್ಲ. ಹಾಗಾಗಿ ನನ್ನ ಹತ್ತಿರ ಇರುವುದು ಕಣ್ಣಲ್ಲಿ ಕಂಡದ್ದು ಮಾತ್ರ.

ಬಾಗಿಲಲ್ಲೇ ನೀಲಿ ಪ್ಲಾಸ್ಟಿಕ್ಕಿನ ಕಾಲುಚೀಲಗಳ ಡಬ್ಬ. ದೊಡ್ಡವರು ಅದನ್ನು ಬೂಟಿನ ಮೇಲೆ ಎಳೆದುಕೊಂಡೇ ಒಳಗೆ ಕಾಲಿಡಬೇಕು, ಇಲ್ಲವೇ ಬೂಟು ಬಿಚ್ಚಬೇಕು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮಗೆ ಇದೇನೂ ಕಷ್ಟವಲ್ಲ. ಒಳಗೆ ಸಾಲಾಗಿ ಗೂಡುಗಳು. ಪ್ರತಿ ಗೂಡಿಗೂ ಒಂದು ಮಗುವಿನ ಪಟ, ಗೂಟಕ್ಕೆ ತೂಗಿದ ಮಳೆಯಂಗಿ, ಉಣ್ಣೆಯ ಒಳಬಟ್ಟೆ, ಕೈಗವಸು, ಬದಲಿ ಬಟ್ಟೆಯ ಡಬ್ಬಿ. ಮೂಲೆಯಲ್ಲಿ ಬೀರುವಿನಷ್ಟು ದೊಡ್ಡದಾದ, ಬಿಸಿಗಾಳಿ ಬೀಸಿ ಬಟ್ಟೆ ಒಣಗಿಸುವ ಕಪಾಟು. ಮಳೆಗಾಲವಿಡೀ ಹಂಡೆಯ ಒಲೆ ಮೇಲೆ ದಾರ ಕಟ್ಟಿ ಒಣಗಿಸಿದ, ಹೊಗೆ ವಾಸನೆಯ ಯೂನಿಫಾರ್ಮ್ ತೊಟ್ಟು ಶಾಲೆಗೆ ಹೋದವಳು ನಾನು. ಆ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ.

ಇನ್ನು ಇಲ್ಲಿ ನಾನು ಕಂಡ ಮೊದಲ ಪಾಠ. ಅಂಗಳಕ್ಕೆ ಹೊರಡುವ ಸಮಯ. ಮೂರು ವರ್ಷದ ಒಬ್ಬ ಹುಡುಗ ನೆಲದ ಮೇಲೆ ಕೂತು ಮಳೆಯ ಚಡ್ಡಿಯನ್ನು ಏರಿಸಿಕೊಳ್ಳುತ್ತಿದ್ದಾನೆ. ಎರಡೂ ಕಾಲು ಒಂದೇ ತೂತಿಗೆ ಹೋಗಿವೆ. ಎದುರಿಗೇ ನೆಲದಲ್ಲಿ ಕೂತ ಮೇಷ್ಟ್ರು (ಹೌದು, ಗಡ್ಡದ ಗಂಡು ಮೇಷ್ಟ್ರು) ಎರಡೂ ಕೈ ಮಡಿಲಲ್ಲಿಟ್ಟು ನೋಡುತ್ತಿದ್ದಾರೆ. ಹುಡುಗ ಕಾಲು ಎಳೆದ, ಮತ್ತೆ ತೂರಿಸಿದ, ಬುಸುಗುಟ್ಟಿದ. ನನ್ನ ಕೈ ತಾನಾಗಿ ಮುಂದೆ ಹೋಗಲು ಹವಣಿಸುತ್ತಿದೆ. ಮೇಷ್ಟ್ರ ಕೈ ಅಲುಗಲಿಲ್ಲ. ಹುಡುಗ ಎದ್ದುನಿಂತು ಪಟ್ಟಿಯನ್ನು ಹೆಗಲಿಗೇರಿಸಿದ ಮೇಲೆ, ಸಿಕ್ಕಿಕೊಂಡಿದ್ದ ಜಿಪ್ಪಿನ ತುದಿಯನ್ನಷ್ಟೇ ಹಿಡಿದುಕೊಟ್ಟರು, ಎಳೆದದ್ದು ಹುಡುಗನೇ. ಒಂದು ಮಗುವಿಗೆ ಇಷ್ಟು ಹೊತ್ತು! ಇಂಥ ಪುರುಸೊತ್ತಿಗೆ ಲೆಕ್ಕವಿದೆ: ಮೂರು ವರ್ಷದೊಳಗಿನ ಮೂವರಿಗೆ ಒಬ್ಬರು, ಅದಕ್ಕೆ ಮೇಲ್ಪಟ್ಟ ಆರು ಮಂದಿಗೆ ಒಬ್ಬರು ದೊಡ್ಡವರು ಇರಬೇಕೆಂದು 2018ರಿಂದ ಅಲ್ಲಿನ ನಿಯಮ.

ಹೊರಗೆ ಮಳೆ ಸುರಿಯುತ್ತಲೇ ಇದೆ. ಯಾರೂ ಕೊಡೆ ಬಿಡಿಸುವುದಿಲ್ಲ. ನಮ್ಮಲ್ಲಾದರೆ ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆಂಬ ಸುದ್ದಿಗೆ ಮಕ್ಕಳು ಕಾಯುತ್ತಾರೆ. ನಮ್ಮಲ್ಲಿ ಹೊಳೆ ಉಕ್ಕುತ್ತದೆ, ಕಾಲುಸಂಕ ಕೊಚ್ಚಿಹೋಗುತ್ತದೆ. ಆ ರಜೆ ಬೇಕೇ ಬೇಕು. ಇಲ್ಲಿನ ಜಿಟಿಜಿಟಿ ಮಳೆಗೆ ಸಾಮಾನ್ಯವಾಗಿ ಆ ಭಯವಿಲ್ಲ. ಆದರೂ ಅಂಗಳದ ಕೆಸರು ಕಂಡಾಗ ಅಜ್ಜಿಯರ ಬಾಯಲ್ಲಿ ಬರುವ "ನೆಗಡಿ ಆಗತ್ತೆ, ಒಳಗ್ ಬಾ" ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅಂಗಳವೆಂದರೂ ಸಿಮೆಂಟು ಹಾಸಿದ್ದಲ್ಲ. ಇಳಿಜಾರು, ನಡುವೆ ಬಂಡೆಗಳು, ಬಿದ್ದ ಮರದ ಕಾಂಡ, ಮರಳಿನ ಗುಂಡಿ, ಹಳೆಯ ಪಾತ್ರೆ ಸೌಟುಗಳಿರುವ ಮಣ್ಣಿನ ಅಡುಗೆಮನೆ. ಅಂಗಡಿಯಿಂದ ತಂದ ಆಟಿಕೆ ಕಡಮೆ.

ಸೂರಿನ ನೀರು ಕೊಳವೆಯಿಂದ ಇಳಿದು ಇಳಿಜಾರಿನಲ್ಲಿ ಸಣ್ಣ ತೊರೆಯಾಗಿ ಹರಿಯುತ್ತಿತ್ತು. ನನ್ನ ಮೊಮ್ಮಗಳೂ ಇನ್ನಿಬ್ಬರು ಹುಡುಗರೂ ಅದಕ್ಕೆ ಕಟ್ಟ ಹಾಕಲು ಹೊರಟಿದ್ದಾರೆ. ಮೊದಲು ಮರಳು ಸುರಿದರು. ನೀರು ಅದನ್ನು ಹೊತ್ತುಕೊಂಡೇ ಹೋಯಿತು. ಕಲ್ಲು ಪೇರಿಸಿದರು, ಕಲ್ಲಿನ ಸಂದಿಯಿಂದ ನೀರು ನಗುತ್ತಾ ಬಂತು. ಒಬ್ಬ ಹುಡುಗ ಬೂಟು ಅಡ್ಡ ಇಟ್ಟು ನಿಂತ. ನೀರು ನಿಂತಿತು, ಆದರೆ ಅವನೂ ಅಲ್ಲೇ ನಿಂತಿರಬೇಕಾಯಿತು! ಅಷ್ಟರಲ್ಲಿ ಶಿಕ್ಷಕಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮಣ್ಣು ಮುಟ್ಟಲಿಲ್ಲ, ದಾರಿ ತೋರಿಸಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಲ್ಲಿಂದ ತಪ್ಪಿಸ್ಕೊಳ್ತಿದೆ?" ಮೂವರೂ ಬಗ್ಗಿದರು. ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ಕೊಳೆತ ಎಲೆ ತಂದರು, ಎಲೆಯ ಮೇಲೆ ಕೆಸರು ಮೆತ್ತಿದರು, ಹುಲ್ಲಿನ ಬೇರು ಸಮೇತ ಒಂದು ಹೆಂಟೆ ಕಿತ್ತು ಒತ್ತಿದರು. ನೀರು ನಿಂತಿತು, ಏರಿತು, ಪಕ್ಕಕ್ಕೆ ತಿರುಗಿ ಹೊಸ ದಾರಿ ಹಿಡಿಯಿತು. ಮೂವರ ಕೂಗು ಕೇಳಿ ಇನ್ನೊಂದು ಗುಂಪು ಓಡಿಬಂತು.

ನಾನು ಬೆಳೆದದ್ದು ಅಡಿಕೆ ತೋಟದ ಅಂಚಿನಲ್ಲಿ. ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಕಟ್ಟ ಹಾಕುವಾಗ ನಮ್ಮ ಅಪ್ಪಯ್ಯ, ಆಳುಗಳು ಮಾಡುತ್ತಿದ್ದದ್ದೂ ಇದನ್ನೇ: ಕಲ್ಲು, ಸೊಪ್ಪು, ಮಣ್ಣು. ಸೊಪ್ಪಿಲ್ಲದ ಕಟ್ಟ ಸೋರುತ್ತದೆಂದು ಅವರಿಗೆ ಅವರ ಹಿರಿಯರು ಹೇಳಿದ್ದರು. ಈ ಮೂವರಿಗೆ ಯಾರೂ ಹೇಳಲಿಲ್ಲ, ನೀರೇ ಹೇಳಿತು. ಅಲ್ಲಿನ ಸರ್ಕಾರ ಬಾರ್ನೆಹಾಗೆಗಳಿಗೆಂದು 2017ರಲ್ಲಿ ತಂದ ಚೌಕಟ್ಟಿನಲ್ಲಿ ಆಟಕ್ಕೇ ನಡುಮನೆಯ ಜಾಗ. ಆಟಕ್ಕೆ ಅದರದ್ದೇ ಬೆಲೆಯಿದೆ, ಬೇರೆ ಪಾಠಕ್ಕೆ ಅದು ನೆಪವಲ್ಲ ಎಂದು ಒಪ್ಪಿಕೊಂಡಿದ್ದಾರೆ. ನಾಲ್ಕು ವರ್ಷದ ಮೊಮ್ಮಗಳಿಗೆ ಇನ್ನೂ ಅಕ್ಷರ ತಿದ್ದಿಸಿಲ್ಲ. ಅಲ್ಲಿ ಶಾಲೆ ಶುರುವಾಗುವುದೇ ಆರು ತುಂಬುವ ವರ್ಷ.

ಹನ್ನೊಂದಕ್ಕೇ ಊಟ. ಊಟವೆಂದರೆ ಬ್ರೆಡ್ಡು, ಅದರ ಮೇಲೆ ಕಂದು ಬಣ್ಣದ ಚೀಸು. ಬಿಸಿ ಅನ್ನ ಸಾರಿನ ನಾಲಗೆಗೆ ಈ ತಣ್ಣನೆಯ ಊಟ ಕಷ್ಟವೇ, ಅದೂ ಮಳೆಯಲ್ಲಿ ನೆನೆದು ಬಂದ ಮೇಲೆ. ಚೀಸು ಮಾತ್ರ ಹಾಲೊಡೆದ ನೀರನ್ನು ಕಂದಾಗುವವರೆಗೆ ಬತ್ತಿಸಿ ಮಾಡಿದ್ದು; ರುಚಿ ನಮ್ಮ ಪೇಡೆಗೆ ತೀರಾ ಹತ್ತಿರ. ಎರಡು ಹೋಳು ಕೇಳಿ ಹಾಕಿಸಿಕೊಂಡೆ. ಬ್ರೆಡ್ಡಿಗೆ ಬೆಣ್ಣೆ ಸವರುವುದು, ಹಾಲು ಬಗ್ಗಿಸಿಕೊಳ್ಳುವುದು, ಚೆಲ್ಲಿದರೆ ಒರೆಸುವುದು ಎಲ್ಲ ಮಕ್ಕಳದೇ ಕೆಲಸ.

ಊಟವಾದ ಮೇಲೆ ಕಂಡದ್ದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಒಂದೆರಡು ವರ್ಷದ ಕೂಸುಗಳನ್ನು ಉಣ್ಣೆಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಹೊರಗೆ ಸಾಲಾಗಿ ನಿಲ್ಲಿಸಿದ್ದಾರೆ. ಮೇಲೆ ಸೂರಿದೆ, ಗಾಡಿಗೆ ಮುಸುಕಿದೆ. ಒಂದು ಗಜದಾಚೆ ಮಳೆ ಹೊಯ್ಯುತ್ತಿದೆ. ಒಂದೂವರೆ ವರ್ಷದ ನಮ್ಮ ಮಾಣಿ ಅದರೊಳಗೆ ಕೆಂಪು ಕೆನ್ನೆಯಿಟ್ಟು ಗಾಢ ನಿದ್ದೆಯಲ್ಲಿದ್ದಾನೆ. ಆಗಾಗ ಒಬ್ಬರು ಬಂದು ಕತ್ತಿನ ಹಿಂದೆ ಬೆರಳಿಟ್ಟು ಬೆಚ್ಚಗಿದ್ದಾನೆಯೇ ಎಂದು ನೋಡಿಹೋಗುತ್ತಾರೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೂಸಿನ ಕಿವಿಗೆ ಹತ್ತಿಯಿಟ್ಟು ಕುಲಾವಿ ಕಟ್ಟುವ ನಮ್ಮ ಕಡೆಯ ಪದ್ಧತಿ ನೆನಪಾಯಿತು. ನಮ್ಮ ತಂಗಿ ಮೊದಲ ಸಲ ಇದನ್ನು ಕಂಡು ಅತ್ತೇಬಿಟ್ಟಿದ್ದಳಂತೆ. ಹೊರಗಿನ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವೆ ಎಂಬುದು ಅಲ್ಲಿನವರ ಅನುಭವ.

ಮರುವಾರ ದೊಡ್ಡ ಮಕ್ಕಳ ಜೊತೆ ಫ್ಲೋಯೆನ್ ಬೆಟ್ಟಕ್ಕೆ ಹೊರಟೆವು. 1918ರಿಂದ ಓಡುತ್ತಿರುವ ಪುಟ್ಟ ಬೆಟ್ಟದ ರೈಲು ಐದಾರು ನಿಮಿಷದಲ್ಲಿ 320 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಕೆಳಗೆ ಬಂದರು, ಬ್ರಿಗ್ಗೆನ್ನಿನ ಹಳೆಯ ಮರದ ಮನೆಗಳು, ಆಚೆ ಕಡಲು. ಪ್ರವಾಸಿಗರೆಲ್ಲ ಅತ್ತ ಮುಖ ಮಾಡಿದ್ದರೆ ಹೊಳೆಯುವ ಹಳದಿ ಕೋಟಿನ ಮಕ್ಕಳು ಕಾಡಿನ ಕಡೆ ನುಗ್ಗಿದವು. ಬೇರು, ಪಾಚಿ, ಜಾರುವ ಬಂಡೆ. ಉಂಬಳವಿಲ್ಲದ ಒದ್ದೆ ಕಾಡಿನಲ್ಲಿ ನಡೆಯುವ ಸುಖ ಮಲೆನಾಡಿನವರಿಗೇ ಗೊತ್ತು!

ಕಾಡಿನಲ್ಲಿ ಬೆಂಕಿ ಹೊತ್ತಿಸಿದರು. ಐದು ವರ್ಷದ ಮಕ್ಕಳ ಕೈಗೆ ನಿಜವಾದ ಚಾಕು ಕೊಟ್ಟರು. ನಿಯಮಗಳು ಕೆಲವೇ: ಕೂತೇ ಕೆತ್ತಬೇಕು, ಅಲಗು ಮೈಯಿಂದಾಚೆಗೆ ಹೋಗಬೇಕು, ಎದ್ದರೆ ಚಾಕು ಒರೆಗೆ. ಕೆತ್ತಿದ ಕೋಲಿಗೆ ಹಿಟ್ಟಿನ ಸುರುಳಿ ಸುತ್ತಿ ಕೆಂಡದ ಮೇಲೆ ಸುಟ್ಟು ತಿಂದೆವು. ಒಬ್ಬಳು ಮರ ಹತ್ತಿಸೆಂದು ಕೇಳಿದಳು, ಮೇಷ್ಟ್ರು ಎತ್ತಲಿಲ್ಲ. "ನೀನೇ ಹತ್ತಿದಷ್ಟು ಎತ್ತರ ನಿಂದು" ಎಂದರಂತೆ. ಎತ್ತಿ ಕೂರಿಸಿದ ಮಗುವಿಗೆ ಇಳಿಯುವ ದಾರಿ ಗೊತ್ತಿರುವುದಿಲ್ಲ, ತಾನಾಗಿ ಹತ್ತಿದ ಮಗುವಿಗೆ ಗೊತ್ತಿರುತ್ತದೆ ಎಂದು ನನಗೆ ವಿವರಿಸಿದರು. ನಾರ್ವೆಯ ಸಂಶೋಧಕಿ ಎಲೆನ್ ಬೆಯಾತೆ ಸಾಂಡ್‌ಸೆಟರ್ ಇಂಥ ಆಟಗಳನ್ನೇ ನೋಡಿ 2007ರಲ್ಲಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಸಾಮಾನು, ಬೆಂಕಿ ನೀರಿನಂಥ ಅಪಾಯದ ಜಾಗ, ಕುಸ್ತಿ, ದೊಡ್ಡವರ ಕಣ್ಣು ತಪ್ಪಿಸಿ ಅಲೆಯುವುದು. ಓದಿದಾಗ ನಮ್ಮೂರಿನ ಬಾಲ್ಯದ ಪಟ್ಟಿಯನ್ನೇ ಯಾರೋ ಬರೆದಿಟ್ಟಂತಿತ್ತು. ಪೇರಲೆ ಮರ, ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಂಡು ಹೋಗುವುದು, ಹಳ್ಳದ ಗುಂಡಿ, ಎಲ್ಲ ಅದರೊಳಗಿವೆ. ವ್ಯತ್ಯಾಸವೆಂದರೆ ನಾವು ಅವನ್ನು ಕದ್ದು ಆಡುತ್ತಿದ್ದೆವು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಆಟ, ಕುಣಿತ, ಅಲೆದಾಟಗಳಿಂದಲೇ ಕಲಿಸುವ ಪ್ರಯೋಗಕ್ಕಿಳಿದದ್ದು ಎಷ್ಟು ಹಿಂದೆ! ನಮಗೆ ಈ ವಿಚಾರ ಹೊರಗಿನಿಂದ ಬರಬೇಕಾಗಿಲ್ಲ.

ಕೊನೆಗೆ ಬಾರ್ನೆಹಾಗೆಯಲ್ಲಿ ಅಜ್ಜ ಅಜ್ಜಿಯರನ್ನು ಕರೆದು ಕೊಡುವ ಕಾಫಿ. ಮಕ್ಕಳೇ ನಾದಿದ ಹಿಟ್ಟಿನ ಬನ್ನು, ನೀರಿನಂಥ ಕಾಫಿ. ಮಗ್ಗುಲಲ್ಲಿ ಕೂತ ಅಜ್ಜನೊಬ್ಬರು ತಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ತಾಯಂದಿರು ಮನೆಯಲ್ಲೇ ಇರುತ್ತಿದ್ದರು ಎಂದರು. ನಾರ್ವೆಯ ಮೊದಲ ಬಾರ್ನೆಹಾಗೆ ಕಾನೂನು ಬಂದದ್ದು 1975ರಲ್ಲಿ. ಅದೇ ವರ್ಷದ ಗಾಂಧಿ ಜಯಂತಿಯಂದು ನಮ್ಮ ಅಂಗನವಾಡಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆದದ್ದು ತಿರುಮಕೂಡಲು ನರಸೀಪುರದಲ್ಲಿ. ಎರಡೂ ಓರಗೆಯವು. ಅವರಲ್ಲಿ ಹಣವಿತ್ತು, ಜನ ಕಡಮೆ. ನಮ್ಮಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ; ಮಕ್ಕಳ ಊಟ, ತೂಕ, ರಿಜಿಸ್ಟರು, ಅದರ ಮೇಲೆ ಸಮೀಕ್ಷೆ, ಚುನಾವಣೆ ಕೆಲಸ. ಜಿಪ್ಪಿನ ತುದಿ ಹಿಡಿದು ಕೂರುವ ಪುರುಸೊತ್ತನ್ನು ಅವರಿಂದ ಕೇಳುವುದು ಅನ್ಯಾಯ. ಆ ಕೈಗಳು ಹೆಚ್ಚಾಗಬೇಕು. 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ಶಿಶುಪಾಲನಾ ಕೇಂದ್ರಗಳಾದ ಕೂಸಿನ ಮನೆಗಳಿಗೂ ಇದೇ ಮಾತು.

ಆದರೆ ಮಣ್ಣಿಗೆ ಹಣ ಬೇಕಿಲ್ಲ. ನಿಮ್ಮೂರಿನ ಅಂಗನವಾಡಿ ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಪ್ರಸ್ತಾಪ ಗ್ರಾಮಸಭೆಗೆ ಬಂದರೆ ದಯವಿಟ್ಟು ಎದ್ದುನಿಂತು ಒಂದು ಮಾತು ಹೇಳಿ: ಬಾಗಿಲಿನವರೆಗೆ ದಾರಿಗೆ ಹಾಸಿ, ಸೂರಿನ ನೀರು ಬೀಳುವ ಕಡೆ ಒಂದು ತುಂಡು ನೆಲವನ್ನು ಮಕ್ಕಳಿಗೆ ಹಾಗೇ ಬಿಡಿ.