ಕೌದಿಯ ಕೆಳಗೆ ಯಾರ ಹೆಸರು?

ಅಮೆರಿಕದ ಸ್ತ್ರೀವಾದಿ ಕಲಾವಿದೆ ಮಿರಿಯಮ್ ಶಪೀರೊ 1970ರ ದಶಕದಲ್ಲಿ ಒಂದು ದಿಟ್ಟ ಕೆಲಸ ಮಾಡಿದರು. ಯಾರ್‍ಯಾರೋ ಹೆಂಗಸರು ಹೊಲಿದ ಕರವಸ್ತ್ರ, ಲೇಸು, ಏಪ್ರನ್‌ಗಳನ್ನು ಸಂಗ್ರಹಿಸಿ ತಮ್ಮ ಕ್ಯಾನ್ವಾಸಿಗೆ ಅಂಟಿಸಿದರು. ಅದಕ್ಕೆ 'ಫೆಮ್ಮಾಜ್' ಎಂದು ಹೆಸರಿಟ್ಟರು. ಪಿಕಾಸೊ, ಬ್ರಾಕ್ ಕೊಲಾಜ್ ಮಾಡುವ ಎಷ್ಟೋ ಮೊದಲೇ ಹೆಂಗಸರು ತುಂಡಿಗೆ ತುಂಡು ಕೂಡಿಸುತ್ತಿದ್ದರು ಎಂಬುದು ಅವರ ವಾದ.

ಸಂಶೋಧನೆಗಾಗಿ ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಕೌದಿ. ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ನನ್ನ ಹರಿದ ಫ್ರಾಕು ಎಲ್ಲವೂ ಅದರಲ್ಲಿದ್ದವು. ಅಜ್ಜಿಯನ್ನು ಕೊನೆಗೂ ಯಾರೋ ಕಲಾವಿದೆ ಎಂದರಲ್ಲ ಎಂದು ಖುಷಿಯಾಯಿತು. ಬೆನ್ನಿಗೇ ಒಂದು ಅನುಮಾನ. ಆ ಕರವಸ್ತ್ರಗಳನ್ನು ಹೊಲಿದವರು ಯಾರು? ಗ್ಯಾಲರಿಯಲ್ಲಿ ಉಳಿದ ಸಹಿ ಶಪೀರೊ ಅವರದು. 1977ರ ಅವರ ಒಂದು ಮುದ್ರಣ ಸರಣಿಯ ಶೀರ್ಷಿಕೆಯಲ್ಲೇ 'ಅನಾಮಧೇಯ' ಎಂಬ ಮಾತಿದೆ. ಗೌರವದಿಂದಲೇ ಇಟ್ಟ ಹೆಸರು. ಆದರೆ ಅನಾಮಧೇಯರನ್ನು ಗೌರವಿಸುವುದು ಬೇರೆ, ಅವರ ಹೆಸರು ಕೇಳುವುದು ಬೇರೆ.

ಕಪ್ಪು ಕಲಾವಿದೆ ಫೇತ್ ರಿಂಗೋಲ್ಡ್ 1980ರಲ್ಲಿ ತಮ್ಮ ಮೊದಲ ಕ್ವಿಲ್ಟ್ 'ಎಕೋಸ್ ಆಫ್ ಹಾರ್ಲೆಮ್' ಮಾಡಿದ್ದು ತಾಯಿ ವಿಲ್ಲಿ ಪೋಸಿಯ ಜೊತೆಗೂಡಿ. ಅವರಿಗೆ ಕ್ವಿಲ್ಟ್ ಬರೀ 'ಹೆಣ್ಣಿನ ಕಲೆ' ಅಲ್ಲ, ಗುಲಾಮಗಿರಿ ಕಂಡ ಮನೆತನದ ನೆನಪು. ಹೊಲಿದ ತಾಯಿಯ ಹೆಸರೂ ಅದರೊಂದಿಗೆ ಉಳಿಯಿತು. 'ನಾವೆಲ್ಲ ಹೆಂಗಸರೇ' ಎಂಬ ಮಾತು ಬೆಚ್ಚಗಿನ ಹೊದಿಕೆ ನಿಜ; ಬಣ್ಣ, ವರ್ಗ, ಜಾತಿಗಳೂ ಅದರಡಿಯಲ್ಲಿ ಮುಚ್ಚಿಹೋಗುತ್ತವೆ.

ಈ ಪ್ರಶ್ನೆ ನನ್ನನ್ನೂ ಬಿಡುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಮೂಲೆಗಳಿಗೆ 'ಫುಲ' ಎಂಬ ಮಡಚಿದ ಬಟ್ಟೆ ಇಡುವತನಕ ಅದು ಪೂರ್ತಿಯಾದಂತಲ್ಲ. ಈ ಕೌದಿಗಳ ಮೇಲೆ ನಾನೊಂದು ಅಧ್ಯಾಯ ಬರೆಯುತ್ತಿದ್ದೇನೆ. ಅದರಿಂದ ಡಾಕ್ಟರೇಟ್ ಬರುವುದು ನನಗೆ, ಹೊಲಿದವರಿಗಲ್ಲ. ಯಲ್ಲಾಪುರದ ಕಡೆ ಫೋಟೊ ತೆಗೆಯುವಾಗ ಒಬ್ಬ ಅಕ್ಕ ಕೇಳಿದರು: "ತಂಗಿ, ಕೆಳಗೆ ನನ್ನ ಹೆಸರು ಬರಿತೀಯಲ್ಲ?"

ಅಜ್ಜಿಯ ಕೌದಿಯ ಬಗ್ಗೆ ಬರೆಯಲು ನನಗೆ ಹುಟ್ಟಿನ ಹಕ್ಕಿದೆ ಎನ್ನಬಹುದು; ಸಿದ್ದಿ ಕೌದಿಯ ಬಗ್ಗೆ ಅದಿಲ್ಲ. ಹಾಗೆಂದು ಬರೆಯಲೇಬಾರದು ಎನ್ನುವುದಾದರೆ ಒಬ್ಬರ ಕಲೆ ಇನ್ನೊಬ್ಬರನ್ನು ಮುಟ್ಟುವುದೇ ನಿಂತೀತು. ಕೇಳಿ ಪಡೆಯಬೇಕು, ಹೆಸರು ಹೇಳಬೇಕು, ಲಾಭ ಬಂದರೆ ಪಾಲು ಕೊಡಬೇಕು. ಇಷ್ಟು ಮಾಡಿದರೂ ಲೆಕ್ಕ ಚುಕ್ತಾ ಆಗುವುದಿಲ್ಲ. ಆದರೂ ನನ್ನ ಪ್ರಬಂಧದ ಚಿತ್ರಗಳ ಕೆಳಗೆ 'ಜನಪದ ಕಲೆ' ಎಂದಷ್ಟೇ ಬರೆದು ನಿಲ್ಲಿಸಲಾರೆ. ಆ ಅಕ್ಕನ ಹೆಸರು ಅಲ್ಲಿರುತ್ತದೆ, ಅವರು ಹೇಳಿದ ಹಾಗೆಯೇ.