ಮೊದಲಕ್ಷರದ ಬೆನ್ನಿಗಿದ್ದ ಹಾಡು

ಪಾಪಿನಾಯಕನಹಳ್ಳಿಯ ಮನೆಗಳ ಮೇಲೆ ಅದಿರಿನ ಕೆಂಪು ಧೂಳು ಕೂರುವುದು ಹೊಸ ಮಾತಲ್ಲ. ಅಂತಹದೊಂದು ಮನೆಯ ಅಟ್ಟದಿಂದ, ತಂದೆ ತೀರಿಕೊಂಡ ವರ್ಷ, ಅಣ್ಣತಮ್ಮಂದಿರು ಅವರ ಭಜನೆಯ ಪುಸ್ತಕವನ್ನು ಕೆಳಗಿಳಿಸಿದರು. ಪ್ರತಿಯೊಂದು ಪದದ ಮೊದಲಕ್ಷರವನ್ನೂ ತಂದೆ ಕೆಮ್ಮಣ್ಣಿನ ಬಣ್ಣದಲ್ಲಿ ದೊಡ್ಡದಾಗಿ ಬರೆದು, ಸುತ್ತಲೂ ಬಳ್ಳಿ ಬಿಡಿಸಿದ್ದರು. ಮೊದಲ ಪುಟದ ‘ಗ’ಕಾರದೊಳಗಂತೂ ಗಣಪತಿಯೇ ಕುಳಿತಿದ್ದ.

“ಇದೊಂದನ್ನು ಕತ್ತರಿಸಿ ಕಟ್ಟು ಹಾಕಿಸೋಣ. ಅಪ್ಪನ ಕೈಬರಹ ಬಂದವರಿಗೆಲ್ಲ ಕಾಣಲಿ” ಎಂದರು ಅಣ್ಣ.

ಉಪಾಧ್ಯಾಯನಾಗಿದ್ದ ತಮ್ಮನಿಗೆ ಎಂದೋ ಓದಿದ ಸಂಗತಿ ನೆನಪಾಯಿತು. ಮಧ್ಯಯುಗದ ಯುರೋಪಿನ ಕ್ರೈಸ್ತ ಮಠಗಳಲ್ಲಿ ಲ್ಯಾಟಿನ್ ಗೀತೆಗಳ ಭಾರಿ ಗ್ರಂಥಗಳಿದ್ದವು. ಹದಮಾಡಿದ ತೊಗಲೇ ಅವುಗಳ ಹಾಳೆ. ಒಂದೇ ಗ್ರಂಥವನ್ನು ಎತ್ತರದ ಪೀಠದ ಮೇಲಿಟ್ಟು ಮೇಳವೆಲ್ಲ ಹಾಡುತ್ತಿತ್ತು. ಹಬ್ಬ ದೊಡ್ಡದಾದಂತೆ ಅದರ ಗೀತೆಯ ಮೊದಲಕ್ಷರವೂ ದೊಡ್ಡದಾಗುತ್ತಿತ್ತು. ಆ ದಿನದ ಹಾಡೆಲ್ಲಿದೆಯೆಂದು ತೋರಿಸುವ ಕೈಮರ ಅದು. ಶಿರೋಲೇಖಕ್ಕೆ ಸಲ್ಲುವ ‘ರೂಬ್ರಿಕ್’ ಎಂಬ ಮಾತು ಹುಟ್ಟಿದ್ದು ಕೆಮ್ಮಣ್ಣಿನ ಲ್ಯಾಟಿನ್ ಹೆಸರಿನಿಂದ. ಆ ಮಣ್ಣಿನ ಕೆಂಪಿಗೂ ಪಾಪಿನಾಯಕನಹಳ್ಳಿಯ ಧೂಳಿನ ಕೆಂಪಿಗೂ ಕಬ್ಬಿಣವೇ ಮೂಲ. ಕನ್ನಡ ನಾಡಿನಲ್ಲಿಯೂ ಮೂಡಬಿದಿರೆಯ ಧವಳಾ ತಾಳೆಗರಿಗಳ ಮೇಲೆ, ಬರಹದ ಜೊತೆಯಲ್ಲಿಯೇ, 12ನೆಯ ಶತಮಾನದ ವರ್ಣಚಿತ್ರಗಳಿವೆ.

ನೆಪೋಲಿಯನ್ನನ ಕಾಲದಲ್ಲಿ ಇಟಲಿಯ ಅನೇಕ ಮಠಗಳು ಮುಚ್ಚಿದ ತರುವಾಯ ಅವುಗಳ ಗ್ರಂಥಗಳು ವ್ಯಾಪಾರಿಗಳ ಪಾಲಾದವು. ಚಿತ್ರವುಳ್ಳ ಅಕ್ಷರಗಳನ್ನು ಕತ್ತರಿಸಿ ಮಾರಲಾಯಿತು. ವಿಲಿಯಂ ಯಂಗ್ ಆಟ್ಲಿ ಎಂಬ ಆಂಗ್ಲ ಸಂಗ್ರಾಹಕ ಕೂಡಿಸಿದ್ದ ಇಂತಹ ತುಣುಕುಗಳು 1838ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಅಂದು ಚದುರಿದ ಅಕ್ಷರಗಳು ಇಂದು ಹಲವು ದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಗಾಜಿನ ಹಿಂದೆ ಬಂಗಾರವೇನೋ ಹೊಳೆಯುತ್ತದೆ. ಹಾಳೆಯ ಬೆನ್ನಿಗಿದ್ದ ಗೀತೆ ತುಂಡಾಗಿದೆ.

ಇದನ್ನೆಲ್ಲ ಅಣ್ಣನಿಗೆ ಹೇಳಿ ವಾದಿಸುವುದು ತಮ್ಮನಿಗೆ ಸರಿತೋರಲಿಲ್ಲ. ತಂದೆಯ ಮೇಲಿನ ಪ್ರೀತಿಯೇ ಅವರ ಕೈಗೆ ಕತ್ತರಿ ಕೊಟ್ಟಿತ್ತು. ಆತ ಮೆಲ್ಲನೆ ಹಾಳೆಯನ್ನು ತಿರುವಿದ. ಗಣಪತಿಯ ಬೆನ್ನಿಗೆ ಸರಿಯಾಗಿ ಅದೇ ಪದದ ಕೊನೆಯ ನುಡಿಯಿತ್ತು.

“ಅಣ್ಣಾ, ಅವ್ವ ಹಾಡುತ್ತಿದ್ದುದು ಇದೇ ಅಲ್ಲವೆ?”

ಅಣ್ಣ ಕನ್ನಡಕ ಏರಿಸಿ ಓದಿದರು. ಎರಡನೆಯ ಸಲ ಓದುವಾಗ ದನಿ ತಾನಾಗಿಯೇ ರಾಗಕ್ಕೆ ತಿರುಗಿತು. ಕತ್ತರಿ ನೆಲದ ಮೇಲೆಯೇ ಉಳಿಯಿತು.

ಅಂದು ಸಂಜೆ ಪುಸ್ತಕ ಅಟ್ಟಕ್ಕೆ ಹಿಂದಿರುಗಲಿಲ್ಲ. ದೇವರ ಮುಂದೆ ವ್ಯಾಸಪೀಠದ ಮೇಲೆ ತೆರೆದುಕೊಂಡಿತು. ಇಬ್ಬರ ಕಂಠವೂ ಅಂತಹ ಇಂಪಾದುದೇನಲ್ಲ. ಆದರೂ ಹಾಡು ಕೊನೆಯ ನುಡಿಯವರೆಗೆ ಸಾಗಿತು.