ಕನ್ನಡದ ಟೈಪ್‌ರೈಟರ್ ಗುಜರಿಗೆ ಹೋಗಬಾರದು

ಕಾಸರಗೋಡಿನ ಪೈವಳಿಕೆಯಂಥ ಗಡಿಯೂರುಗಳಲ್ಲಿ ಟೈಪ್‌ರೈಟರಿನ ಏಳುಬೀಳನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಪೇಟೆಗೆ ಹೋಗಿ ಟೈಪಿಂಗಿನ ಲೋವರ್, ಹೈಯರ್ ಕಲಿತರೆ ಕೆಲಸ ಸಿಕ್ಕೀತೆಂಬ ಭರವಸೆಯಿದ್ದ ಕಾಲ ಅದು. ಆಮೇಲೆ ಕಂಪ್ಯೂಟರ್ ಬಂತು, ಡಿಟಿಪಿ ಅಂಗಡಿಗಳು ತೆರೆದವು. 1955ರಲ್ಲಿ ಭಾರತದಲ್ಲೇ ಟೈಪ್‌ರೈಟರ್ ತಯಾರಿಸತೊಡಗಿದ್ದ ಗೋದ್ರೇಜ್ ಕೂಡ 2011ರ ಹೊತ್ತಿಗೆ ಅದನ್ನು ನಿಲ್ಲಿಸಿತ್ತು. ಈಗ ಹಳೆಯ ಯಂತ್ರಗಳನ್ನು ಸಂಗ್ರಹಿಸಿ ದುರಸ್ತಿ ಮಾಡುವ ಹವ್ಯಾಸ ಬೆಳೆದಿದೆ. ಆದರೆ ಹವ್ಯಾಸಿಗಳ ಕಣ್ಣು ಹೆಚ್ಚಾಗಿ ಬೀಳುವುದು ಇಂಗ್ಲಿಷ್ ರೆಮಿಂಗ್ಟನ್, ಅಂಡರ್‌ವುಡ್‌ಗಳ ಮೇಲೆ. ಮೊದಲು ಉಳಿಯಬೇಕಾದದ್ದು ಕನ್ನಡದ ಯಂತ್ರ, ಅದೂ ಟೈಪ್ ಮಾಡಬಲ್ಲ ಸ್ಥಿತಿಯಲ್ಲಿ ಎಂಬುದು ನನ್ನ ವಾದ.

ಇದಕ್ಕೆ ಆಧಾರ ಈ ನೆಲದ ಚರಿತ್ರೆಯಲ್ಲೇ ಇದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಸರಕಾರಕ್ಕೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವುದು ಇಲ್ಲಿನವರ ಹಕ್ಕಿನ ಪ್ರಶ್ನೆಯಾಯಿತು. ಕಾನೂನು ಆ ಹಕ್ಕನ್ನು ಒಪ್ಪಿದರೆ ಸಾಲದು. ಕಚೇರಿಯಲ್ಲಿ ಕನ್ನಡ ಬಲ್ಲ ಟೈಪಿಸ್ಟ್ ಬೇಕು, ಕನ್ನಡದ ಯಂತ್ರವೂ ಬೇಕು. ಕೆ. ಅನಂತಸುಬ್ಬರಾಯರು ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದ್ದರ ಬೆಲೆ ತಿಳಿಯುವುದು ಇಂಥ ಕಡೆಯೇ. ಐವತ್ತಕ್ಕೂ ಕಡಿಮೆ ಕೀಲಿಗಳು, ಒಂದೊಂದಕ್ಕೆ ಎರಡೇ ಅಚ್ಚು. ಅಷ್ಟರಲ್ಲೇ ಅಕ್ಷರ, ಕಾಗುಣಿತ, ಒತ್ತು ಎಲ್ಲವೂ ಹಿಡಿಯಬೇಕಿತ್ತು. ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಿ, ಒತ್ತನ್ನು ಅದರ ಬುಡದಲ್ಲಿ ಕೂರಿಸಿದ ಆ ಜಾಣ್ಮೆ ಚಿತ್ರ ನೋಡಿದರೆ ಅರ್ಥವಾಗದು, ಕೀಲಿ ಒತ್ತಿ ನೋಡಬೇಕು.

ಆ ಅಕ್ಷರಗಳು ಅಂದವಾಗಿರಲಿಲ್ಲ, ಒತ್ತುಗಳು ಅಂಕುಡೊಂಕಾಗುತ್ತಿದ್ದವು, ನುಡಿ, ಬರಹ ತಂತ್ರಾಂಶಗಳು ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಕಿನ್ನಿಕಂಬಳದ ಕೆ. ಪಿ. ರಾಯರು ಕಂಪ್ಯೂಟರಿಗೆ ರೂಪಿಸಿದ ಉಚ್ಚಾರಣಾನುಸಾರಿ ಕೀಲಿಮಣೆ ಕನ್ನಡದ ಬೆರಳಚ್ಚನ್ನು ಎಷ್ಟೋ ಸುಲಭ ಮಾಡಿತು. ಆದರೆ ಯಾವ ಕಷ್ಟದಿಂದ ಬಿಡುಗಡೆ ಸಿಕ್ಕಿತೆಂದು ತಿಳಿಯಲು ಆ ಕಷ್ಟದ ಯಂತ್ರ ಎದುರಿಗಿರಬೇಕು. ದುರಸ್ತಿ ಮಾಡಿದರೆ ಹಳತನವೇ ಹೋಗುತ್ತದೆಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಮಿತಿಯಲ್ಲಿದೆ: ಗಟ್ಟಿಯಾದ ರಬ್ಬರ್ ರೋಲರ್, ಒಣಗಿದ ರಿಬ್ಬನ್, ಸಡಿಲಾದ ಸ್ಪ್ರಿಂಗ್ ಬದಲಿಸಬಹುದು, ಅಚ್ಚು, ಕೀಲಿಗಳ ಅಕ್ಷರ, ಮೂಲ ಬಣ್ಣ ಮುಟ್ಟಬಾರದು. ನಮ್ಮ ಮಳೆಗಾಲದ ತೇವದಲ್ಲಿ ಕೈಬಿಟ್ಟ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹನಿಸಿ ಆಗಾಗ ಕೀಲಿ ಆಡಿಸುವುದೇ ಅದರ ಆರೈಕೆ. ಅಟ್ಟದಲ್ಲೋ ಹಳೆಯ ಕಚೇರಿಯ ಮೂಲೆಯಲ್ಲೋ ಕನ್ನಡದ ಟೈಪ್‌ರೈಟರ್ ಕಂಡವರು ಅದನ್ನು ತೂಕಕ್ಕೆ ಮಾರದೆ, ಶಾಲೆಗೋ ಗ್ರಂಥಾಲಯಕ್ಕೋ ಕೊಟ್ಟು, ಮಕ್ಕಳ ಕೈಗೆ ಸಿಗುವಂತೆ ಮಾಡಲಿ.